ಕೀಲಿಮಣೆಯ ಒಳದಾರಿ

ಇಂಡಿ ತಾಲೂಕಿನ ಅಗರಖೇಡದಂತಹ ಊರಿನ ರೈತನಿಗೆ ಹೊಲದ ಉತಾರವು ಬಹು ಬೆಲೆಯುಳ್ಳ ಕಾಗದ. ಸರ್ವೇ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಬೆಳೆ ಇವೆಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ಹಿಂದೆ ಗ್ರಾಮಲೆಕ್ಕಿಗರು ಇದನ್ನು ಕೈಯಿಂದ ಬರೆದಿಡುತ್ತಿದ್ದರು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯನ್ನು ಜಾರಿಗೆ ತಂದು, ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು.

ಹೀಗೆ ಕ್ರಮಬದ್ಧವಾಗಿ ಕೂಡಿಟ್ಟ ಮಾಹಿತಿಗೆ ದತ್ತಸಂಚಯವೆಂದು ಹೆಸರು. ಅದರ ಪಾಲಕರು ಅನೇಕ ವೇಳೆ ಅಪ್ಪಣೆಗಳನ್ನು ಅಕ್ಷರಗಳಲ್ಲಿಯೇ ಬರೆದು ಉತ್ತರ ಪಡೆಯುತ್ತಾರೆ. ಅಂತಹ ಸಾಧನಗಳಲ್ಲಿ ‘ಪಿಎಸ್‌ಕ್ಯೂಎಲ್’ ಒಂದು. ಇದು 1986ರಲ್ಲಿ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೊಳೆತ ‘ಪೋಸ್ಟ್‌ಗ್ರೆಸ್’ ಪರಂಪರೆಗೆ ಸೇರಿದುದು.

ಒಂದೇ ಅಪ್ಪಣೆಯನ್ನು ದಿನಕ್ಕೆ ನೂರು ಬಾರಿ ಬರೆಯುವುದು ಬೇಸರದ ಕೆಲಸ. ತಪ್ಪಿಗೂ ಅದು ಎಡೆಗೊಡುತ್ತದೆ. ಬಂಡಿಯ ದಾರಿಯನ್ನು ಬಿಟ್ಟು ಬದುವಿನ ಮೇಲಿನ ಒಳದಾರಿಯನ್ನು ರೈತನು ಹಿಡಿಯುವಂತೆ, ಇಲ್ಲಿಯೂ ಒಳದಾರಿಯುಂಟು. ಬ್ರಯನ್ ಫಾಕ್ಸ್ ಎಂಬವರು ರಚಿಸಿದ ‘ರೀಡ್‌ಲೈನ್’ ಎಂಬ ಕ್ರಮವಿಧಿಯು ಅದನ್ನು ಒದಗಿಸುತ್ತದೆ. ಕಂಟ್ರೋಲ್ ಕೀಲಿಯೊಡನೆ ‘ಎ’ ಒತ್ತಿದರೆ ಸಾಲಿನ ಆರಂಭಕ್ಕೂ, ‘ಇ’ ಒತ್ತಿದರೆ ಕೊನೆಗೂ ಹೋಗಬಹುದು. ‘ಆರ್’ ಒತ್ತಿದರೆ ಹಿಂದೆ ಬರೆದ ಅಪ್ಪಣೆಯನ್ನು ಹುಡುಕಬಹುದು.

ಹೊಸ ಕೀಲಿಗಳನ್ನೂ ಗೊತ್ತುಪಡಿಸಬಹುದು. ಬಳಕೆದಾರನ ಸ್ವಂತ ಕಡತಕೋಶದಲ್ಲಿ ‘ಇನ್‌ಪುಟ್‌ಆರ್‌ಸಿ’ ಎಂಬ ಕಡತವಿರುತ್ತದೆ. ಇಲ್ಲವಾದರೆ ಅದನ್ನು ರಚಿಸಿಕೊಳ್ಳಬೇಕು. ಅದರ ಹೆಸರು ಚುಕ್ಕೆಯಿಂದ ಆರಂಭವಾಗಬೇಕು. ಅದರಲ್ಲಿ ಮೊದಲು ಕೀಲಿಯ ಗುರುತನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದು, ಎರಡು ಚುಕ್ಕೆಗಳ ವಿವರಣ ಚಿಹ್ನೆಯನ್ನಿಟ್ಟು, ಬಳಿಕ ಬೇಕಾದ ಅಪ್ಪಣೆಯನ್ನು ಹಾಗೆಯೇ ಚಿಹ್ನೆಗಳೊಳಗೆ ಬರೆಯಬೇಕು. ಕಡತವನ್ನು ಉಳಿಸಿ ಸಾಧನವನ್ನು ಮತ್ತೆ ತೆರೆದರೆ, ಆ ಕೀಲಿಯನ್ನು ಒತ್ತಿದೊಡನೆ ಇಡೀ ಅಪ್ಪಣೆಯು ತೆರೆಯ ಮೇಲೆ ಮೂಡುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಪ್ಪಣೆಯ ಕೊನೆಗೆ ‘ಎಂಟರ್’ ಕೀಲಿಯ ಸಂಕೇತವನ್ನೂ ಸೇರಿಸಿದರೆ, ಅದು ಓದುವುದಕ್ಕೂ ಎಡೆಗೊಡದೆ ನೆರವೇರಿಬಿಡುತ್ತದೆ. ಮಾಹಿತಿಯನ್ನು ತೋರಿಸುವ ಅಪ್ಪಣೆಯಿಂದ ಹಾನಿಯಿಲ್ಲ. ಅಳಿಸುವ ಅಥವಾ ತಿದ್ದುವ ಅಪ್ಪಣೆಯಾದರೆ, ಬೆರಳು ಜಾರಿದ ಒಂದು ಕ್ಷಣದಲ್ಲಿ ನೂರಾರು ಹೆಸರುಗಳು ಮಾಯವಾಗಬಹುದು. ಆದುದರಿಂದ ಬಲ್ಲವರು ಅಂತಹ ಅಪ್ಪಣೆಗಳನ್ನು ಕೀಲಿಗೆ ಕಟ್ಟುವುದಿಲ್ಲ. ಕಟ್ಟಿದರೂ ಕೊನೆಯ ‘ಎಂಟರ್’ ಒತ್ತುವ ಕೆಲಸವನ್ನು ತಮ್ಮ ಕೈಯಲ್ಲಿಯೇ ಇರಿಸಿಕೊಳ್ಳುತ್ತಾರೆ.

ಯಂತ್ರವು ಬೆರಳಿನ ಶ್ರಮವನ್ನು ಉಳಿಸಬಲ್ಲದು. ಓದಿ ಯೋಚಿಸುವ ಹೊಣೆಯನ್ನು ಅದು ಹೊರಲಾರದು. ತೆರೆಯ ಮೇಲಿನ ಒಂದೊಂದು ಸಾಲಿನ ಹಿಂದೆಯೂ ಒಬ್ಬ ರೈತನ ಹೊಲವಿರುತ್ತದೆ.