ಸಣ್ಣ ಅಂಗಿ ಒಣಗುವ ಗಲ್ಲಿ ಯಾವುದು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮ ಗಡಿಯ ಎರಡೂ ಭಾಷೆಗಳಲ್ಲಿದೆ. ತೆಲುಗಿನವರು 'ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು' ಎನ್ನುತ್ತಾರೆ. ಈಗ ಇದಕ್ಕೆ ಮೂರನೆಯ ಮಾತೊಂದು ಸೇರಿಸಬೇಕಾಗಿದೆ: ಮಕ್ಕಳನ್ನು ಕರಕೊಂಡು ಪಟ್ಟಣದಲ್ಲಿ ಕಿರಾಯಿ ಮನೆ ಹುಡುಕಿ ನೋಡು!

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರೂ ಊರುಗಳು ಬೀದರ, ಕಲಬುರಗಿ ಕಡೆಯವರಿಗೆ ಪರಸ್ಥಳವೇನಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆಮೇಲೆ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. 2016ರಲ್ಲಿ ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೆ ಬಂದವು, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಹೋಯಿತು. ಬೋರ್ಡು ಎಷ್ಟು ಸಲ ಬದಲಾದರೂ ಬೀಗತನ, ಅಡತಿ ಅಂಗಡಿಯ ಲೆಕ್ಕ, ಝರಾಸಂಗದ ಕೇತಕಿ ಸಂಗಮೇಶ್ವರನ ಹರಕೆ ಮಾತ್ರ ಬದಲಾಗಿಲ್ಲ.

ಬದಲಾಗಿರುವುದು ಜನ ಇರುವ ರೀತಿ. ಹಳ್ಳಿಯ ಯುವಕರು ಮಕ್ಕಳ ಸಾಲಿ ಸಲುವಾಗಿ ಈ ಪಟ್ಟಣಗಳಿಗೆ ಬರುತ್ತಿದ್ದಾರೆ. ಈ ಪಟ್ಟಣಗಳಲ್ಲೇ ಹುಟ್ಟಿ ಓದಿದವರು ಹೈದರಾಬಾದ್, ಬೆಂಗಳೂರು, ಅಮೆರಿಕಾ ಸೇರಿದ್ದಾರೆ. ಅವರ ತಂದೆತಾಯಿ ರಿಟೈರ್ ಆದ ದುಡ್ಡಿನಲ್ಲಿ ಕಟ್ಟಿಸಿದ ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದಿದ್ದಾರೆ. ಮೇಷ್ಟ್ರು, ಬ್ಯಾಂಕಿನವರು, ರೈಲ್ವೆಯವರು, ಸಿಮೆಂಟ್ ಕಾರ್ಖಾನೆಯವರು ಕೂಡಿ ಕಟ್ಟಿಕೊಂಡ ಕಾಲೊನಿಗಳಿವು. ರಸ್ತೆ ಅಗಲ, ಗಿಡ ಚೆಂದ, ಗೇಟಿಗೆ ಕೀಲಿ.

'ಪಿಲ್ಲಲು ಉನ್ನಾರಾ?'

ನನ್ನ ತಮ್ಮನ ಮಗ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಜಹೀರಾಬಾದಿಗೆ ಬರುವುದೆಂದು ನಿಶ್ಚಯವಾಯಿತು. ಮನೆ ನೋಡಲು ಮೂರು ದಿನ ನಾನೂ ಅವರ ಜೊತೆ ತಿರುಗಿದೆ. ಅಂಥದೊಂದು ಕಾಲೊನಿಯಲ್ಲಿ ಮ್ಯಾಲಿನ ಅಂತಸ್ತಿನ ಮನೆ ಖಾಲಿ ಇತ್ತು. ಗಾಳಿ ಬೆಳಕು ಚೆನ್ನಾಗಿತ್ತು, ಬೋರಿನ ನೀರಿತ್ತು. ಯಜಮಾನರು ನಮ್ಮ ಊರು, ಮನೆತನ, ಕೆಲಸ ಎಲ್ಲ ಕೇಳಿ, ಕಡೆಗೆ ತೆಲುಗಿನಲ್ಲಿ ಕೇಳಿದರು:

"ಪಿಲ್ಲಲು ಉನ್ನಾರಾ?"

"ಹೌದ್ರಿ, ಇಬ್ಬರು ಹುಡುಗರು ಅದಾರ" ಎಂದ ನನ್ನ ತಮ್ಮನ ಮಗ.

"ಗೋಲ ಚೇಸ್ತಾರು ಕದಾ?" ಗದ್ದಲ ಮಾಡ್ತಾರಲ್ಲ, ಎಂದರು ಯಜಮಾನರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಬಿ.ಪಿ. ಇದೆ, ಮಧ್ಯಾಹ್ನ ನಿದ್ದೆ ಬೇಕು, ಇಷ್ಟು ವರ್ಷ ಶಾಂತವಾಗಿ ಇದ್ದೇವೆ ಎಂದು ಹೇಳಿಕೊಂಡರು.

ಹೊರಗೆ ಬಂದಾಗ ನಮ್ಮ ಸೊಸಿ ಒಂದು ಮಾತು ಆಡಿದಳು: "ಮಾವಾರ, ಈ ಗಲ್ಲಿದಾಗ ಒಂದು ಹಗ್ಗದ ಮ್ಯಾಲರೆ ಸಣ್ಣ ಅಂಗಿ ಒಣಗ್ಲಾಕ ಹಾಕ್ಯಾರೇನು ನೋಡ್ರಿ. ಎಲ್ಲಾ ಬರೇ ಧೋತ್ರ, ಸೀರಿ. ಇಲ್ಲಿ ನಮ್ಮ ಹುಡುಗ್ರು ಯಾರ ಕೂಡ ಆಡಬೇಕು?"

ನಾನು ನೋಡಿದೆ. ಅವಳು ಹೇಳಿದ್ದು ಖರೆ ಇತ್ತು. ಮನೆ ನೋಡುವವರು ನಾವು ಗಂಡಸರು ನಲ್ಲಿ ತಿರುಗಿಸುತ್ತೇವೆ, ಸ್ವಿಚ್ ಒತ್ತುತ್ತೇವೆ, ಕಿರಾಯಿ ಇಳಿಸುತ್ತೇವೆ. ಹಗ್ಗದ ಮೇಲೆ ಏನು ಒಣಗುತ್ತಿದೆ ಎಂದು ನೋಡುವವಳು ತಾಯಿಯೇ.

ಮೂರು ಊರು, ಮೂರು ತೊಡಕು

ಜಹೀರಾಬಾದಿನ ತೊಡಕು ಹೆದ್ದಾರಿ. ಹೈದರಾಬಾದಿನಿಂದ ಹುಮನಾಬಾದ್, ಸೊಲ್ಲಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲಿಂದಲೇ ಹೋಗುತ್ತದೆ. ಕಬ್ಬಿನ ಗಾಡಿ, ಟ್ರ್ಯಾಕ್ಟರ್ ಕಾರ್ಖಾನೆಯ ಬಸ್ಸು, ಲಾರಿ ಎಲ್ಲವೂ ಈ ಕಡೆಯೇ. ಕಿರಾಯಿ ಕಡಿಮೆ ಎಂದು ಸಾಲಿ ಇರುವ ಬದಿ ಬಿಟ್ಟು ರಸ್ತೆಯ ಆಚೆ ಮನೆ ಹಿಡಿದರೆ ಮಗು ದಿನಕ್ಕೆರಡು ಸಲ ಹೆದ್ದಾರಿ ದಾಟಬೇಕು. ಉಳಿದ ದುಡ್ಡು ಆಟೋಕ್ಕೆ ಹೋಗುತ್ತದೆ, ತಾಯಿಯ ಜೀವ ರಸ್ತೆಯ ಮೇಲೇ ಇರುತ್ತದೆ.

ತಾಂಡೂರಿನ ತೊಡಕು ಧೂಳು. ತೊಗರಿಗೆ ಹೆಸರಾದ ಊರು ಅದು, 2022ರಲ್ಲಿ ತಾಂಡೂರು ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಅಡತಿ ವ್ಯಾಪಾರಕ್ಕೆ ಚಿಂಚೋಳಿ, ಸೇಡಂ ಕಡೆಯವರು ಅಲ್ಲಿಗೆ ಹೋಗುವುದು ಹೊಸತಲ್ಲ. ಆದರೆ ಫರ್ಸಿ ಕಲ್ಲಿನ ಗಣಿ, ಪಾಲಿಶ್ ಮಷೀನು, ಸಿಮೆಂಟ್ ಕಾರ್ಖಾನೆ, ಅವುಗಳ ಲಾರಿ ಎಲ್ಲ ಊರಿನ ಸುತ್ತಲೇ. ಮನೆ ನೋಡಲು ಹೋದವರು ಕಿಟಕಿಯ ಕಟ್ಟೆಯ ಮೇಲೆ ಒಂದು ಸಲ ಬೆರಳು ಎಳೆದು ನೋಡಿರಿ. ಬೆರಳು ಬೆಳ್ಳಗಾದರೆ ಆ ಧೂಳು ಮಗುವಿನ ಎದೆಗೂ ಹೋಗುತ್ತದೆ ಎಂದೇ ಅರ್ಥ. ಕಲ್ಲು ಕೊಯ್ಯುವ ಸದ್ದು ಹಗಲು ಕೇಳಿಸದಿದ್ದರೂ ರಾತ್ರಿ ಕೇಳಿಸೀತು. ಆದ್ದರಿಂದ ಒಂದು ಸಲ ಊಟವಾದ ಮೇಲೂ ಹೋಗಿ ಬರಬೇಕು.

ನಾರಾಯಣಖೇಡದ ತೊಡಕು ಬೇರೆ. ಆ ಭಾಗದ ಹಳ್ಳಿ, ತಾಂಡಾಗಳಿಂದ ಪ್ರತಿ ವರ್ಷ ದುಡಿಯುವವರು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಗುಳೆ ಹೋಗುತ್ತಾರೆ. ಆ ತಿಂಗಳುಗಳಲ್ಲಿ ತಾಂಡಾದಲ್ಲಿ ಉಳಿಯುವವರು ಮುದುಕರು ಮತ್ತು ಮೊಮ್ಮಕ್ಕಳು. ಮಗು ತಂದೆತಾಯಿಯ ಹಿಂದೆ ಹೋದರೆ ಸಾಲಿ ತಪ್ಪುತ್ತದೆ, ಉಳಿದರೆ ಮುದುಕಿಗೆ ಭಾರ. ಇಂಥ ಮಕ್ಕಳಿಗಾಗಿ ಸರ್ಕಾರ ಗುಳೆಯ ಕಾಲದ ಹಾಸ್ಟೆಲುಗಳನ್ನು ನಡೆಸಿದ್ದುಂಟು. ಇದನ್ನು ತಪ್ಪಿಸಲೆಂದೇ ಕೆಲವರು ಖೇಡದಲ್ಲಿ ಒಂದು ಖೋಲಿ ಹಿಡಿದು, ಅಜ್ಜಿಯನ್ನೂ ಮಕ್ಕಳನ್ನೂ ಅಲ್ಲಿಡುತ್ತಾರೆ. ಅಂಥವರು ನೋಡಬೇಕಾದ್ದು ದೊಡ್ಡ ಮನೆಯನ್ನಲ್ಲ, ಸಾಲಿ, ದವಾಖಾನೆ, ಕಿರಾಣಿ ಅಂಗಡಿ ಮೂರೂ ಅಜ್ಜಿಯ ಕಾಲ್ನಡಿಗೆಗೆ ಸಿಗುವ ಗಲ್ಲಿಯನ್ನು.

ಸಾಲಿಯ ಲೆಕ್ಕ, ನೌಕರಿಯ ಲೆಕ್ಕ

ಗಡಿ ದಾಟಿ ಬರುವವರಿಗೆ ಇನ್ನೊಂದು ಮಾತು. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಸಾಲಿಗಳಲ್ಲಿ ತೆಲುಗು ಕಡ್ಡಾಯ. 2022–23ರಿಂದ ಸರ್ಕಾರಿ ಸಾಲಿಗಳಲ್ಲೂ ಇಂಗ್ಲಿಷ್ ಮಾಧ್ಯಮ ಬಂದಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಪಟ್ಟಣಕ್ಕೆ ಬಂದ ಕನ್ನಡದ ಮಗುವಿಗೆ ಅಕ್ಷರ ಕಲಿಸುವ ಕೆಲಸ ಬಹುಮಟ್ಟಿಗೆ ಮನೆಯ ಪಡಸಾಲೆಯಲ್ಲೇ ಆಗಬೇಕಾಗಿದೆ.

ನೌಕರಿಯ ಲೆಕ್ಕವೂ ಇದೆ. ತೆಲಂಗಾಣದ ಸರ್ಕಾರಿ ನೌಕರಿಯಲ್ಲಿ ಸ್ಥಳೀಯ ಅಭ್ಯರ್ಥಿ ಯಾರೆಂದು ತೀರ್ಮಾನಿಸಲು 2018ರ ರಾಷ್ಟ್ರಪತಿ ಆದೇಶದಂತೆ 1ರಿಂದ 7ನೇ ತರಗತಿವರೆಗೆ ಮಗು ಎಲ್ಲಿ ಓದಿತೆಂದು ನೋಡುತ್ತಾರೆ. ಕರ್ನಾಟಕದ ಕಡೆ ಕಲ್ಯಾಣ ಕರ್ನಾಟಕದವರಿಗೆ 371ಜೆ ಪ್ರಮಾಣಪತ್ರವಿದೆ, ಅದರ ನಿಯಮ ಬೇರೆ. ನಾಲ್ಕನೇ ತರಗತಿಯ ಹುಡುಗನ ಟಿ.ಸಿ. ತೆಗೆಯುವ ಮೊದಲು ಎರಡೂ ಕಡೆಯ ತಹಸೀಲ್ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಓದಿದ ಸಾಲಿಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಭಾಷೆ ಬೆಳೆಯುವ ಜಾಗ

ನಮ್ಮವರು ಕಡೆಗೆ ಹಿಡಿದದ್ದು ಹಳೇ ಗಲ್ಲಿಯೊಂದರಲ್ಲಿ ಎರಡು ಖೋಲಿಯ ಮನೆ. ನಲ್ಲಿ ನೀರಿಗೆ ವೇಳೆ ಕಾಯಬೇಕು, ಗಟಾರ ಮಳೆಗಾಲಕ್ಕೆ ತುಂಬುತ್ತದೆ. ಸುಖ ಇದೆ ಎಂದು ಸುಳ್ಳು ಹೇಳಲಾರೆ. ಆದರೆ ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಾಳೆ, ಸಂಜೆ ಹತ್ತು ಹನ್ನೆರಡು ಹುಡುಗರು ಗೋಲಿ, ಕ್ರಿಕೆಟ್ ಆಡುತ್ತಾರೆ. ನಮ್ಮ ದೊಡ್ಡ ಹುಡುಗ ಈಗ ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಆಡುತ್ತಾನೆ. ಸಣ್ಣವನು ಮೂರನ್ನೂ ಕಲಸಿ ಮಾತಾಡುತ್ತಾನೆ. ಎರಡು ಭಾಷೆಯಲ್ಲಿ ಪದ್ಯ ಬರೆಯುವ ನನಗೆ ಆ ಎರಡೂ ಭಾಷೆ ಬಂದದ್ದು ಸಾಲಿಯಿಂದಲ್ಲ, ಇಂಥದೇ ಓಣಿಯಿಂದ. ಮಗು ಮಗುವಿನ ಕೂಡ ಜಗಳಾಡದೆ ಭಾಷೆ ನಾಲಿಗೆಗೆ ಇಳಿಯುವುದಿಲ್ಲ.

ಹಿರಿಯರಿಲ್ಲದ ಗಲ್ಲಿಯೂ ಮಕ್ಕಳಿಗೆ ಒಳ್ಳೆಯದಲ್ಲ. ತಂದೆತಾಯಿ ಇಬ್ಬರೂ ದುಡಿಯಲು ಹೋದಾಗ ಬಿದ್ದ ಹುಡುಗನನ್ನು ಎತ್ತುವವರು, ಅಪರಿಚಿತ ಬಂದರೆ 'ಯಾರಪ್ಪಾ ನೀನು' ಎಂದು ಕೇಳುವವರು ಕಟ್ಟೆಯ ಮೇಲಿನ ಮುದುಕರೇ. ಮುದುಕರೂ ಮಕ್ಕಳೂ ಕೂಡಿ ಇರುವ ಗಲ್ಲಿಯೇ ಸಂಸಾರಕ್ಕೆ ಲಾಯಕ್ಕಾದ ಗಲ್ಲಿ.

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ನೂರಕ್ಕೆ 8.6, ಕೇರಳದಲ್ಲಿ 12.6. ಕರಾವಳಿಯ ಊರುಗಳಲ್ಲಿ ಮಕ್ಕಳು ಮುಂಬಯಿ, ಗಲ್ಫ್ ಸೇರಿ ದೊಡ್ಡ ಮನೆಗಳಲ್ಲಿ ಹಿರಿಯರಷ್ಟೇ ಉಳಿದದ್ದನ್ನು ಕೇಳುತ್ತಲೇ ಬಂದಿದ್ದೇವೆ. ಅದೇ ಗಾಳಿ ಈಗ ನಮ್ಮ ಕರಿ ಮಣ್ಣಿನ ಕಡೆಗೂ ಬೀಸಿದೆ.

ಆದ್ದರಿಂದ ಮನೆ ಹುಡುಕುವವರು ಸಂಜೆ ಐದಕ್ಕೆ ಹೋಗಿರಿ. ಆಡುವ ಮಕ್ಕಳಿದ್ದಾರೆಯೇ, ಕಟ್ಟೆಯ ಮೇಲೆ ಹಿರಿಯರಿದ್ದಾರೆಯೇ, ಸಾಲಿಗೆ ಹೋಗುವಾಗ ದೊಡ್ಡ ರಸ್ತೆ ದಾಟಬೇಕೇ ನೋಡಿರಿ. ಕಿರಾಯಿ ಮಾತು ಆಮೇಲೆ.

ಕಾಲೊನಿಯ ಹಿರಿಯರಿಗೂ ಒಂದು ಬಿನ್ನಹ. ಖಾಲಿ ಅಂತಸ್ತಿಗೆ 'ಫ್ಯಾಮಿಲಿಗೆ ಮಾತ್ರ' ಎಂದು ಬೋರ್ಡು ಹಾಕುತ್ತೀರಿ. ಫ್ಯಾಮಿಲಿ ಅಂದರೆ ಹುಡುಗರೂ ಅದರಲ್ಲಿ ಬಂದರು. ಮಧ್ಯಾಹ್ನ ಎರಡು ತಾಸು ಸುಮ್ಮನಿರಬೇಕೆಂದು ಕರಾರು ಮಾಡಿಕೊಳ್ಳಿರಿ, ಹುಡುಗರು ಸಾಲಿಯಲ್ಲೇ ಇರುತ್ತಾರೆ. ನಡುರಾತ್ರಿ ಎದೆ ನೋವು ಬಂದರೆ ಅಮೆರಿಕದ ಮಗ ಫೋನು ಎತ್ತುವುದರೊಳಗೆ ಮ್ಯಾಲಿನ ಮನೆಯ ಹುಡುಗ ಆಟೋ ತಂದಿರುತ್ತಾನೆ.