ನನ್ನ ಮುಖ ನಾನೇ ಬರೀತೀನಿ

ಒಂದನೇ ಕ್ಲಾಸಿನ ಮಗುವಿಗೆ ಹಾಳೆ ಕೊಟ್ಟು ‘ಏನಾದ್ರೂ ಬರಿ’ ಅಂದು ನೋಡಿ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕಕ್ಕೆ ತೆಂಗಿನಮರ. ಕೋಲಾರದ ಅಂತರಗಂಗೆ ಬೆಟ್ಟವನ್ನು ದಿನಾ ಕಾಣುವ ಮಗುವೂ ಇದನ್ನೇ ಬರೆಯುತ್ತದೆ. ಬಂಡೆಯ ಮೇಲೆ ಬಂಡೆ ಕೂತ ಆ ಬೆಟ್ಟದಲ್ಲಿ ತ್ರಿಕೋನ ಎಲ್ಲಿದೆ? ಬೋರ್ಡಿನ ಮೇಲಿನ ಚಿತ್ರವನ್ನು ಇಳಿಸಿಕೊಳ್ಳುವುದೇ ಡ್ರಾಯಿಂಗ್ ಪೀರಿಯಡ್ ಆದರೆ ಕಣ್ಣೆದುರಿನ ಬೆಟ್ಟವೂ ಕಾಣುವುದಿಲ್ಲ. ಮಗುವಿನ ಮುಖ ಮಾತ್ರ ಯಾವ ಬೋರ್ಡಿನ ಮೇಲೂ ಇರುವುದಿಲ್ಲ. ಪಕ್ಕದವನ ಹಾಳೆ ಇಣುಕಿದರೂ ಪ್ರಯೋಜನವಿಲ್ಲ. ಅದಕ್ಕೇ ಕೈಗೊಂದು ಕನ್ನಡಿ ಕೊಡಿ ಅನ್ನುವುದು.

ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಕನ್ನಡಿ ನೋಡಿ ತನ್ನನ್ನು ಬರೆದುಕೊಂಡ. ಆ ಹಾಳೆ ಇವತ್ತಿಗೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬೆಳ್ಳಿಯ ಮೊನೆಯಿಂದ ಎಳೆದ ಗೆರೆಗಳು ಅವು, ಅಳಿಸಲು ಬರುವುದಿಲ್ಲ. ನಮ್ಮ ಮಕ್ಕಳ ಕೈಯಿಂದಲೂ ಮುಖ ಬರೆಯುವ ಒಂದು ಗಂಟೆ ರಬ್ಬರ್ ತೆಗೆದಿಡುವುದು ಒಳ್ಳೆಯದು.

ಮೂರು ನಾಲ್ಕು ವರ್ಷದ ಮಗು ಒಂದು ದುಂಡು ಬರೆದು, ಅದರಿಂದಲೇ ಎರಡು ಕಾಲು ಇಳಿಸುತ್ತದೆ. ‘ಹೊಟ್ಟೆ ಎಲ್ಲೋ?’ ಎಂದು ಅಂಗನವಾಡಿಯಲ್ಲಿ ನಗುವುದು ಬೇಡ. ಪ್ರಪಂಚದ ಬಹುತೇಕ ಕಡೆ ಆ ವಯಸ್ಸಿನ ಮಕ್ಕಳು ಮನುಷ್ಯನನ್ನು ಬರೆಯುವುದು ಹೀಗೇ. ತಿದ್ದಲು ಹೋದರೆ ಬರೆಯುವುದನ್ನೇ ಬಿಡುತ್ತಾರೆ. ಆರೇಳು ವರ್ಷಕ್ಕೆ ಬೇರೊಂದು ತಮಾಷೆ: ಕಣ್ಣು ಹಣೆಯ ಮೇಲೇರಿ ಕೂರುತ್ತವೆ. ಆಗ ಪೆನ್ಸಿಲ್ಲಿನಿಂದ ಅಳೆಸಿ. ನೆತ್ತಿಯಿಂದ ಗಲ್ಲಕ್ಕೆ ಸರಿಯಾಗಿ ನಟ್ಟನಡುವೆ ಕಣ್ಣಿದೆ ಎಂದು ತಾನೇ ಕಂಡುಕೊಂಡ ಮಗು ಅದನ್ನು ಮರೆಯುವುದಿಲ್ಲ.

ಈ ಲೆಕ್ಕಕ್ಕೆ ದೂರ ಹೋಗಬೇಕಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವ ಶಿಲ್ಪಿಗಳಿದ್ದಾರೆ. ಶಿಲ್ಪಶಾಸ್ತ್ರದಲ್ಲಿ ಮುಖವೇ ಅಳತೆಗೋಲು. ಮುಖದ ಉದ್ದ ಒಂದು ತಾಲ, ಅಂದರೆ 12 ಅಂಗುಲ: ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಮೂಗಿನ ಕೆಳಗಿನಿಂದ ಗಲ್ಲಕ್ಕೆ ನಾಲ್ಕು. ಮೂರನೇ ನಾಲ್ಕನೇ ಕ್ಲಾಸಿನವರನ್ನು ಒಂದು ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯಬಹುದು. ಆದರೆ ದೇವರ ಮುಖದ ಅಳತೆ ತಮ್ಮ ಮುಖಕ್ಕೆ ಎಷ್ಟು ಹೊಂದುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಅವರೇ ನೋಡಲಿ. ತಪ್ಪಿದ ಜಾಗದಲ್ಲೇ ಆ ಮಗುವಿನ ಗುರುತಿರುವುದು.

ನಿಜವಾದ ತೊಡಕು ಬಣ್ಣದ್ದು. ಮಕ್ಕಳು ಡಬ್ಬಿಯೊಳಗೆ ‘ಸ್ಕಿನ್ ಕಲರ್’ ಹುಡುಕುತ್ತಾರೆ. ಸಿಗುವುದು ತಿಳಿ ಗುಲಾಬಿ ಕಡ್ಡಿ. ಕೋಲಾರದ ಬಿಸಿಲಲ್ಲಿ ಆಡುವ ಮಗು ಅದನ್ನು ತನ್ನ ಕೆನ್ನೆಗೆ ಬಳಿದುಕೊಳ್ಳುತ್ತದೆ. ಅಮೆರಿಕದ ಕ್ರೇಯೋಲಾ ಕಂಪನಿ ಅಂಥ ಕಡ್ಡಿಗೆ ಇಟ್ಟಿದ್ದ ‘ಚರ್ಮದ ಬಣ್ಣ’ ಎಂಬ ಹೆಸರನ್ನು 1962ರಲ್ಲೇ ತೆಗೆದುಹಾಕಿತು. ನಮ್ಮ ತರಗತಿಗಳಲ್ಲಿ ಅದಿನ್ನೂ ಬಾಯಲ್ಲೇ ಉಳಿದಿದೆ, ಕೆಲವೊಮ್ಮೆ ಮೇಷ್ಟ್ರ ಬಾಯಲ್ಲೂ. ಕೆಂಪಿಗೆ ಹಸಿರು ಬೆರೆಸಿದರೆ ಕಂದು. ಅದಕ್ಕೆ ಹಳದಿ ಸೇರಿಸಿದರೆ ಒಂದು ಛಾಯೆ, ಬಿಳಿ ಸೇರಿಸಿದರೆ ಇನ್ನೊಂದು. ಮುಂಗೈ ಮೇಲೆ ಒಂದು ಚುಕ್ಕೆ ಇಟ್ಟು, ಅದು ಚರ್ಮದಲ್ಲಿ ಕರಗುವ ತನಕ ಬೆರೆಸಲಿ. ಬಣ್ಣಕ್ಕೆ ದುಡ್ಡಿಲ್ಲವೇ? ಮಾಲೂರಿನ ಹೆಂಚು-ಇಟ್ಟಿಗೆಗೆ ಹೆಸರಾದ ಸೀಮೆ ಇದು. ಜರಡಿ ಹಿಡಿದ ಇಟ್ಟಿಗೆ ಪುಡಿಗೆ ಗೋಂದು ಕಲಸಿದರೆ ಸೊಗಸಾದ ಬಣ್ಣ. ಒಂದೇ ಬೆಂಚಿನ ನಾಲ್ವರಿಗೆ ನಾಲ್ಕು ಕಂದು ಬರುತ್ತದೆ. ಕಪ್ಪು-ಬಿಳುಪಿನ ಚುಡಾಯಿಸುವಿಕೆಗೆ ಇಷ್ಟು ಅಗ್ಗದ ಮದ್ದು ಬೇರೆ ಕಾಣೆ.

ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡದ ಪಾಠಕ್ಕೆ ಬಾಯಿ ಬಿಡದ ಮಗು ತನ್ನ ಚಿತ್ರ ಹಿಡಿದು ನಿಂತಾಗ ಮಾತಾಡುತ್ತದೆ. ‘ಹುಬ್ಬಿನ ಮೇಲೆ ಈ ಗೆರೆ ಏನಮ್ಮಾ?’ ಎಂದು ಕೇಳಿದರೆ ಸಾಕು, ಮಾವಿನ ಮರದಿಂದ ಬಿದ್ದ ಕಥೆ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಹೊರಬರುತ್ತದೆ. ‘ಚೆನ್ನಾಗಿದೆ’ ಅನ್ನುವುದಕ್ಕಿಂತ ಇಂಥ ಪ್ರಶ್ನೆ ಮೇಲು. ಇನ್ನು ಅಂಕ, ಬಹುಮಾನ: ಪ್ರತಿಭಾ ಕಾರಂಜಿಗೆ ಅವು ಇರಲಿ, ಇದಕ್ಕೆ ಬೇಡ.

ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಾಗಿ ಪ್ರತ್ಯೇಕ ಚಿತ್ರಕಲಾ ಶಿಕ್ಷಕರಿರುವುದಿಲ್ಲ. ನಲಿ-ಕಲಿ ಟೀಚರೇ ಇದನ್ನೂ ಮಾಡಿಸಬೇಕು, ಮಾಡಿಸಬಲ್ಲರು. ಎಸ್‌ಡಿಎಂಸಿಯವರೇ, ಊರ ಹಿರಿಯರೇ, ಈ ಜೂನ್‌ಗೆ ನೋಟ್‌ಬುಕ್ಕಿನ ಜೊತೆ ಒಡೆಯದ ಪ್ಲಾಸ್ಟಿಕ್ ಕನ್ನಡಿಗಳನ್ನೂ ಶಾಲೆಗೆ ಕೊಡಿಸಿ. ಜೂನ್‌ನಲ್ಲೊಂದು, ಮಾರ್ಚ್‌ನಲ್ಲೊಂದು ಚಿತ್ರ ಬರೆಸಿ, ಹಿಂದೆ ಹೆಸರು-ತಾರೀಖು ಹಾಕಿಸಿ, ಎರಡನ್ನೂ ತಾಯಿ ತಂದೆಗೆ ತೋರಿಸಿ.