ಅರೆವಾಹಕ ಪ್ಲಾಸ್ಟಿಕ್ಕಿಗೆ ಮರುಹುಟ್ಟು

ಅಕ್ಕಸಾಲಿಗನು ಹಳೆಯ ಒಡವೆಯನ್ನು ಮೂಸೆಯಲ್ಲಿ ಕರಗಿಸಿ ಹೊಸ ಒಡವೆ ಮಾಡಿಕೊಡುವುದನ್ನು ನಾವೆಲ್ಲರೂ ಬಲ್ಲೆವು. ಒಡವೆಯ ರೂಪ ಅಳಿದರೂ ಚಿನ್ನದ ಗುಣ ಅಳಿಯದು. ಕೆಟ್ಟುಹೋದ ವಿದ್ಯುನ್ಮಾನ ಉಪಕರಣಗಳಲ್ಲಿನ ಚಿನ್ನ, ತಾಮ್ರಗಳನ್ನೂ ಹೀಗೆಯೇ ಮರಳಿ ಪಡೆಯಬಹುದು. ಆದರೆ ವಿದ್ಯುತ್ತನ್ನು ಹರಿಯಗೊಡುವ ಪ್ಲಾಸ್ಟಿಕ್ಕು ಮೂಸೆಯ ಕಾವಿಗೆ ಸಿಕ್ಕಿದರೆ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಇದಕ್ಕೆ ಕಾರಣವೇನು?

ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದೆಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ೧೯೭೭ರಲ್ಲಿ ಶಿರಕಾವಾ, ಮ್ಯಾಕ್‌ಡಿಯರ್ಮಿಡ್ ಮತ್ತು ಹೀಗರ್ ಎಂಬ ವಿಜ್ಞಾನಿಗಳು ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳುಪೊರೆಗೆ ಅಯೊಡೀನಿನ ಆವಿಯನ್ನು ಸೋಕಿಸಿದರು. ಅದರ ವಾಹಕತೆ ಸುಮಾರು ಒಂದು ಕೋಟಿ ಪಟ್ಟು ಹೆಚ್ಚಿತು! ೨೦೦೦ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಈ ಪ್ಲಾಸ್ಟಿಕ್ಕಿನ ಅಣುವೊಂದು ಉದ್ದನೆಯ ಸರಪಳಿ. ಅದರಲ್ಲಿ ಇಂಗಾಲದ ಪರಮಾಣುಗಳ ನಡುವೆ ಏಕಬಂಧ, ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಅಯೊಡೀನು ಕೆಲವು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು, ಉಳಿದವು ಸರಿದಾಡಲು ಎಡೆಮಾಡಿಕೊಡುತ್ತದೆ. ಆದುದರಿಂದ ಇಲ್ಲಿ ಬೆಲೆಯಿರುವುದು ಇಂಗಾಲಕ್ಕಲ್ಲ, ಅದರ ಜೋಡಣೆಗೆ. ಕಾವಿನಲ್ಲಿ ಮೊದಲು ಕೆಡುವುದೂ ಆ ಜೋಡಣೆಯೇ.

ಬೇಕೆಂದಾಗ ಬಿಚ್ಚಬಹುದಾದ ಕೊಂಡಿಗಳಿಂದ ಸರಪಳಿಯನ್ನು ಹೆಣೆಯಲಾಗದೆ? ಆಗುತ್ತದೆ. ೨೦೧೭ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆನಾನ್ ಬಾವೊ ಮತ್ತು ಸಂಗಡಿಗರು ಇಂಥ ಅರೆವಾಹಕವೊಂದನ್ನು ತಯಾರಿಸಿದರು. ಅದರ ಕೊಂಡಿಯ ಹೆಸರು ಇಮೈನ್. ಅಲ್ಲಿ ಇಂಗಾಲವು ಸಾರಜನಕದೊಡನೆ ದ್ವಿಬಂಧದಿಂದ ಕೂಡಿರುತ್ತದೆ. ಈ ಕೊಂಡಿ ಎಲೆಕ್ಟ್ರಾನುಗಳ ಹಾದಿಯನ್ನು ಕಡಿಯದು. ಆದರೆ ದುರ್ಬಲ ಆಮ್ಲ ಬೆರೆತ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸೆಲ್ಯುಲೋಸಿನ ಪೊರೆಯ ಮೇಲೆ, ಕಬ್ಬಿಣದ ವಿದ್ಯುದ್ವಾರಗಳೊಡನೆ ರಚಿಸಿದ ಅವರ ಮಂಡಲಗಳು ಕೆಲಸ ಮುಗಿದ ಮೇಲೆ ಕರಗಿಹೋಗಬಲ್ಲವಾಗಿದ್ದವು.

ಆದರೆ ಕರಗುವುದೇ ಮರುಬಳಕೆಯಲ್ಲವೆಂಬುದನ್ನು ಗಮನಿಸಬೇಕು. ಬಿಡಿಬಿಡಿಯಾದ ತುಣುಕುಗಳನ್ನು ಮತ್ತೆ ಒಟ್ಟುಗೂಡಿಸಿ ಹೆಣೆದಾಗಲೇ ಚಕ್ರ ಪೂರ್ತಿಯಾಗುವುದು. ಇಮೈನ್ ಕೊಂಡಿಯಲ್ಲಿ ಈ ಅನುಕೂಲವೂ ಉಂಟು: ನೀರು ಸೇರಿದರೆ ಬಿಚ್ಚಿಕೊಳ್ಳುವ ತುಣುಕುಗಳು ನೀರನ್ನು ಹೊರದೂಡಿದರೆ ಮತ್ತೆ ಕೂಡಿಕೊಳ್ಳಬಲ್ಲವು. ತೊಡಕಿರುವುದು ಶುದ್ಧತೆಯಲ್ಲಿ. ಅಲ್ಪಸ್ವಲ್ಪ ಕಲ್ಮಷ ಉಳಿದರೂ ಎಲೆಕ್ಟ್ರಾನುಗಳು ಅಲ್ಲಿ ಸಿಕ್ಕಿಬೀಳುತ್ತವೆ. ಜೊತೆಗೆ, ಬಳಕೆಯಲ್ಲಿರುವಾಗ ಬೆವರು, ತೇವಗಳಿಗೆ ಬಿಚ್ಚಿಕೊಳ್ಳದಷ್ಟು ದೃಢತೆಯೂ ಕೊಂಡಿಗೆ ಬೇಕು.

೨೦೨೨ರಲ್ಲಿ ಪ್ರಪಂಚವು ಎಸೆದ ವಿದ್ಯುನ್ಮಾನ ಕಸದ ತೂಕ ೬.೨ ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದು ಕಾಲು ಭಾಗಕ್ಕೂ ಕಡಿಮೆ. ಈ ರಾಶಿಗೆ ಪ್ಲಾಸ್ಟಿಕ್ಕಿನ ಮಂಡಲಗಳೂ ಸೇರಿ ಬೆಳೆಯದಿರಬೇಕಾದರೆ, ಅಣುವನ್ನು ಕಟ್ಟುವ ರಸಾಯನಜ್ಞನು ಅದನ್ನು ಬಿಚ್ಚುವ ಬಗೆಯನ್ನೂ ಮೊದಲೇ ಯೋಚಿಸಿರಬೇಕು.